ಕಸ ಎಸೆದದ್ದು ನೀವು, ಬಾಟಲಿ ಮಾಡಿದ್ದು ಯಾರು?

[ತೆರೆ ಕಪ್ಪು. ದೋಣಿಯ ಹುಟ್ಟಿನ ಸದ್ದು ಮಾತ್ರ.]

1971ರ ಏಪ್ರಿಲ್ 22. ಅಮೆರಿಕದ ಟಿವಿಯಲ್ಲಿ ಒಂದು ಜಾಹೀರಾತು. ಆದಿವಾಸಿ ಉಡುಗೆಯ ಒಬ್ಬ ಮನುಷ್ಯ ದೋಣಿ ನಡೆಸುತ್ತಾ ಬರುತ್ತಾನೆ. ನೀರಿನಲ್ಲಿ ಕಸ, ಆಚೆ ಕಾರ್ಖಾನೆಯ ಹೊಗೆ. ಅವನು ದಡ ಹತ್ತಿ ಹೆದ್ದಾರಿ ಪಕ್ಕ ನಿಲ್ಲುತ್ತಾನೆ. ಹೋಗುತ್ತಿದ್ದ ಕಾರಿನಿಂದ ಯಾರೋ ಎಸೆದ ಕಸದ ಪೊಟ್ಟಣ ಅವನ ಕಾಲ ಬುಡಕ್ಕೇ ಬಂದು ಬೀಳುತ್ತದೆ. ಅವನು ಕ್ಯಾಮೆರಾ ಕಡೆ ತಿರುಗುತ್ತಾನೆ. ಕಣ್ಣಿಂದ ಒಂದು ಹನಿ. ಹಿನ್ನೆಲೆಯ ದನಿ ಹೇಳುತ್ತದೆ: ಮಾಲಿನ್ಯ ಶುರು ಮಾಡುವುದು ಜನ, ಅದನ್ನು ನಿಲ್ಲಿಸಬಲ್ಲವರೂ ಜನವೇ.

ಕೇಳಲು ಚೆನ್ನಾಗಿದೆ, ಅಲ್ವಾ? ಈಗ ಒಂದು ಪ್ರಶ್ನೆ. ಈ ಜಾಹೀರಾತಿನ ಹಿಂದೆ ಇದ್ದವರು ಯಾರು?

ಕೀಪ್ ಅಮೆರಿಕ ಬ್ಯೂಟಿಫುಲ್ ಎಂಬ ಸಂಸ್ಥೆ. ಹೆಸರು ನೋಡಿದರೆ ಪರಿಸರ ಪ್ರೇಮಿಗಳ ಗುಂಪು ಅನ್ನಿಸುತ್ತದೆ. ಆದರೆ 1953ರಲ್ಲಿ ಅದನ್ನು ಕಟ್ಟಿದವರ ಸಾಲಿನಲ್ಲಿ ಮುಂದೆ ಇದ್ದದ್ದು ಡಬ್ಬಿ ಮಾಡುವ ಅಮೆರಿಕನ್ ಕ್ಯಾನ್ ಕಂಪನಿ ಮತ್ತು ಗಾಜಿನ ಬಾಟಲಿ ಮಾಡುವ ಓವನ್ಸ್ ಇಲಿನಾಯ್. ಬೇಗನೆ ಕೋಕಾ ಕೋಲಾದಂಥ ಕಂಪನಿಗಳೂ ಜೊತೆಗೂಡಿದವು.

[ತೆರೆಯ ಮೇಲೆ: ಹಳೆಯ ಗಾಜಿನ ಬಾಟಲಿಗಳ ಕ್ರೇಟು]

ಅದಕ್ಕೂ ಹಿಂದಿನ ಕಾಲಕ್ಕೆ ಸ್ವಲ್ಪ ಹೋಗೋಣ. ಆಗ ಅಮೆರಿಕದಲ್ಲಿ ತಂಪು ಪಾನೀಯ ಕೊಂಡರೆ ಬಾಟಲಿಗೆ ಒಂದೆರಡು ಸೆಂಟ್ ಡೆಪಾಸಿಟ್ ಕೊಡಬೇಕಿತ್ತು. ಖಾಲಿ ಬಾಟಲಿ ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ಕಂಪನಿ ಆ ಬಾಟಲಿಯನ್ನು ತೊಳೆದು ಮತ್ತೆ ತುಂಬುತ್ತಿತ್ತು. ಒಂದೇ ಬಾಟಲಿ ಹತ್ತಾರು ಸಲ ಓಡಾಡುತ್ತಿತ್ತು. ಇದು ಪರಿಸರದ ಮೇಲಿನ ಪ್ರೀತಿಯಿಂದ ಅಲ್ಲ. ಗಾಜು ದುಬಾರಿ, ಕಳೆದುಕೊಂಡರೆ ಕಂಪನಿಗೇ ನಷ್ಟ.

1935ರಲ್ಲಿ ಬಿಯರ್ ಡಬ್ಬಿ ಮಾರುಕಟ್ಟೆಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಹಡಗಿನಲ್ಲಿ ಡಬ್ಬಿಗಳು ಹೋದವು. ಯುದ್ಧಭೂಮಿಯಿಂದ ಖಾಲಿ ಡಬ್ಬಿಯನ್ನು ಯಾರು ವಾಪಸ್ ತರುತ್ತಾರೆ? ಕುಡಿದು ಎಸೆದರಾಯಿತು. ಯುದ್ಧ ಮುಗಿದ ಮೇಲೆ ದೊಡ್ಡ ಕಂಪನಿಗಳ ಲೆಕ್ಕವೂ ಇದೇ ದಾರಿ ಹಿಡಿಯಿತು. ಬಾಟಲಿ ವಾಪಸ್ ಬರಬೇಕು ಎಂದರೆ ಊರೂರಿಗೆ ಹತ್ತಿರದಲ್ಲಿ ತುಂಬುವ ಘಟಕ ಬೇಕು, ಖಾಲಿ ಕ್ರೇಟು ಹೊರಲು ಲಾರಿ ಬೇಕು, ತೊಳೆಯಲು ಯಂತ್ರ, ಕೂಲಿ ಎಲ್ಲ ಬೇಕು. ಯೂಸ್ ಆಂಡ್ ಥ್ರೋ ಆದರೆ ಇದ್ಯಾವುದೂ ಬೇಡ. ಒಂದೇ ದೊಡ್ಡ ಕಾರ್ಖಾನೆಯಲ್ಲಿ ತುಂಬಿ, ಸಾವಿರಾರು ಮೈಲಿ ದೂರ ಕಳಿಸಿ, ಮರೆತುಬಿಡಬಹುದು.

ನಾನು ಈ ವಿಡಿಯೋ ಮಾಡಿದ್ದೇ ಈ ಒಂದು ಲೆಕ್ಕಕ್ಕಾಗಿ. ಖಾಲಿ ಬಾಟಲಿಯನ್ನು ವಾಪಸ್ ತರುವ ಖರ್ಚು ಮಾಯವಾಗಲಿಲ್ಲ. ಅದು ಕಂಪನಿಯ ಪುಸ್ತಕದಿಂದ ನಗರಸಭೆಯ ಪುಸ್ತಕಕ್ಕೆ ಹೋಯಿತು. ಕಸದ ಲಾರಿ, ಪೌರಕಾರ್ಮಿಕರ ಸಂಬಳ, ಕಸ ಸುರಿಯುವ ಜಾಗ, ಎಲ್ಲಕ್ಕೂ ತೆರಿಗೆ ಕಟ್ಟುವವರ ದುಡ್ಡು. ಅಂದರೆ ಆ ಪಾನೀಯ ಕುಡಿಯದವರೂ ಅದರ ಬಾಟಲಿಗೆ ದುಡ್ಡು ಕೊಡುತ್ತಾರೆ.

ಮೊದಲು ಸಿಟ್ಟಾದವರು ರೈತರು. ವರ್ಮಾಂಟ್ ರಾಜ್ಯದಲ್ಲಿ ಜನ ಕಾರಿನಿಂದ ಎಸೆದ ಬಾಟಲಿಗಳು ಹೊಲಕ್ಕೆ ಬೀಳುತ್ತಿದ್ದವು. ಹುಲ್ಲಿನ ಜೊತೆ ಹಸುಗಳ ಹೊಟ್ಟೆಗೆ ಗಾಜಿನ ಚೂರು ಹೋಗುತ್ತಿತ್ತು. 1953ರಲ್ಲಿ ಆ ರಾಜ್ಯ, ವಾಪಸ್ ಪಡೆಯದ ಬಾಟಲಿಯಲ್ಲಿ ಬಿಯರ್ ಮಾರುವಂತಿಲ್ಲ ಎಂದು ಕಾನೂನು ಮಾಡಿತು. ಕೀಪ್ ಅಮೆರಿಕ ಬ್ಯೂಟಿಫುಲ್ ಹುಟ್ಟಿದ್ದೂ ಅದೇ ವರ್ಷ. 1957ಕ್ಕೆ ಆ ಕಾನೂನಿನ ಅವಧಿ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ.

ಆಮೇಲೆ ಕಸದ ಬಗ್ಗೆ ಮಾತೇ ಬದಲಾಯಿತು. ಮೊದಲು ಜನ ಕೇಳುತ್ತಿದ್ದದ್ದು ಇಂಥ ಬಾಟಲಿ ಯಾಕೆ ಮಾಡುತ್ತೀರಿ ಅಂತ. ಈಗ ಕೇಳಿಬಂದದ್ದು ನೀವು ಯಾಕೆ ಎಸೆಯುತ್ತೀರಿ ಅಂತ. ಕಸ ಎಸೆಯುವವರನ್ನು ಹಂದಿಯಂತೆ ತೋರಿಸುವ ಚಿತ್ರಗಳೂ ಬಂದವು. 1970ರ ಹೊತ್ತಿಗೆ ಹೊಸ ತಲೆಮಾರಿನ ಹೋರಾಟಗಾರರು ಮತ್ತೆ ಕಂಪನಿಗಳ ಕಡೆಗೇ ಬೆರಳು ತೋರಿಸಲು ಶುರು ಮಾಡಿದರು. ಮರುವರ್ಷ ಬಂದದ್ದು ಆ ಕಣ್ಣೀರಿನ ಜಾಹೀರಾತು.

ಇನ್ನೊಂದು ಮಾತು. ಜಾಹೀರಾತಿನಲ್ಲಿ ಅತ್ತವನು ಐರನ್ ಐಸ್ ಕೋಡಿ ಎಂಬ ನಟ. ಅವನ ಅಪ್ಪ ಅಮ್ಮ ಇಬ್ಬರೂ ಇಟಲಿಯ ಸಿಸಿಲಿ ಮೂಲದವರು ಎಂದು 1996ರಲ್ಲಿ ಪತ್ರಿಕೆಯಲ್ಲಿ ಹೊರಬಂತು. ಕಣ್ಣೀರೂ ನಟನೆ, ಗುರುತೂ ನಟನೆ. 2023ರಲ್ಲಿ ಜಾಹೀರಾತಿನ ಹಕ್ಕು ಅಮೆರಿಕದ ಆದಿವಾಸಿ ಸಂಘಟನೆಯೊಂದರ ಕೈಗೆ ಬಂತು. ಅವರು ಅದರ ಬಳಕೆಗೇ ತಡೆ ಹಾಕಿದರು.

[ತೆರೆಯ ಮೇಲೆ: ಪ್ಲಾಸ್ಟಿಕ್ ಡಬ್ಬಿಯ ತಳ, ಮೂರು ಬಾಣ, ಒಳಗೆ ಅಂಕಿ]

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಮರುಬಳಕೆಯ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ 23 ವರ್ಷದ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ ಬರೆದ. ಸ್ಪರ್ಧೆ ನಡೆಸಿದ್ದು ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿ. ಚಿಹ್ನೆ ಎಲ್ಲರ ಬಳಕೆಗೂ ಮುಕ್ತವಾಗಿತ್ತು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಅಂಥದೇ ಬಾಣಗಳ ಒಳಗೆ 1ರಿಂದ 7ರವರೆಗೆ ಅಂಕಿ ಹಾಕಿತು. ಅಂಕಿ ಹೇಳುವುದು ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ, ಅಷ್ಟೇ. ಅದು ಮರುಬಳಕೆ ಆಗುತ್ತದೆ ಅಂತ ಅಲ್ಲ. ಆದರೆ ಬಾಣ ಕಂಡ ಕಣ್ಣು ಏನು ಓದುತ್ತದೆ? 1 ಮತ್ತು 2 ಸಾಕಷ್ಟು ಮರುಬಳಕೆ ಆಗುತ್ತವೆ. 3, 6ರಂಥವು ಬಹುಪಾಲು ಕಸಕ್ಕೇ ಹೋಗುತ್ತವೆ. 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಹಾಕಿ ಎಂದು ಮಾನದಂಡ ಬದಲಾಯಿತು. ಬಾಣ ಇರುವ ಡಬ್ಬಿಗಳು ಇನ್ನೂ ಸಿಗುತ್ತವೆ. 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆ ಆದದ್ದು ನೂರಕ್ಕೆ ಸುಮಾರು 9 ಮಾತ್ರ.

ಇಂಗಾಲದ ಹೆಜ್ಜೆಗುರುತು ಗೊತ್ತಲ್ಲ? ನಿಮ್ಮ ಮನೆ, ನಿಮ್ಮ ಕಾರು, ನಿಮ್ಮ ಪ್ರಯಾಣ ಎಷ್ಟು ಹೊಗೆ ಬಿಡುತ್ತದೆ ಎಂಬ ಲೆಕ್ಕ. 2000ದ ದಶಕದಲ್ಲಿ ಅದನ್ನು ಮನೆಮನೆಗೆ ತಲುಪಿಸಿದವರಲ್ಲಿ ಬ್ರಿಟಿಷ್ ತೈಲ ಕಂಪನಿ ಬಿಪಿ ಮುಖ್ಯ. ಲೆಕ್ಕ ಹಾಕಿಕೊಳ್ಳಲು ವೆಬ್‌ಸೈಟಿನಲ್ಲಿ ಕ್ಯಾಲ್ಕುಲೇಟರ್ ಕೂಡ ಕೊಟ್ಟಿತ್ತು. ತೈಲ ಮಾರುವವರೇ ನಿಮ್ಮ ಹೊಗೆಯ ಲೆಕ್ಕ ಕೇಳಿದರು!

ಕಾಮೆಂಟಿನಲ್ಲಿ ಯಾರಾದರೂ ಇದನ್ನು ಪಿತೂರಿ ಅನ್ನುತ್ತಾರೆ, ಗೊತ್ತು. ನನಗೆ ಹಾಗೆ ಅನ್ನಿಸುವುದಿಲ್ಲ. ಪಿತೂರಿಗೆ ಗುಟ್ಟು ಬೇಕು. ಇಲ್ಲಿ ಸಂಸ್ಥೆ ಕಟ್ಟಿದವರ ಹೆಸರು ಮೊದಲಿನಿಂದಲೂ ಎಲ್ಲರಿಗೂ ಸಿಗುವಂತೆಯೇ ಇತ್ತು. ಸುಮ್ನೆ ಯಾರೂ ಕೇಳಲಿಲ್ಲ. ಇನ್ನೂ ಒಂದು ವಿಷಯ: ಜನಕ್ಕೂ ಎಸೆಯುವ ಬಾಟಲಿ ಇಷ್ಟವಾಗಿತ್ತು. ಖಾಲಿ ಬಾಟಲಿ ಹೊತ್ತು ಅಂಗಡಿಗೆ ಹೋಗುವುದು ಬೇಜಾರಿನ ಕೆಲಸ. ಕಾರಿನಿಂದ ಕಸ ಎಸೆಯುವುದು ತಪ್ಪು ಎಂಬುದರಲ್ಲೂ ಅನುಮಾನವಿಲ್ಲ. ಆ ಜಾಹೀರಾತು ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳಿ ನಿಲ್ಲಿಸಿತು, ತೊಂದರೆ ಅಲ್ಲಿದೆ.

ಉಳಿದ ಅರ್ಧವನ್ನು ನೋಡಬೇಕೆಂದರೆ ಜಾಹೀರಾತಿನಿಂದ ಕಣ್ಣು ತೆಗೆದು ಶಾಸನಸಭೆಯ ಕಡೆ ನೋಡಬೇಕು. ಟಿವಿಯಲ್ಲಿ ಕಣ್ಣೀರು ಬಂದ ಅದೇ 1971ರಲ್ಲಿ ಆರೆಗಾನ್ ರಾಜ್ಯ ಬಾಟಲಿ ಕಾನೂನು ಮಾಡಿತು. ಡಬ್ಬಿಗೂ ಬಾಟಲಿಗೂ ಡೆಪಾಸಿಟ್ ಕಡ್ಡಾಯ. ಪಾನೀಯ ಮತ್ತು ಡಬ್ಬಿ ಉದ್ಯಮ ಅದನ್ನು ಜೋರಾಗಿ ವಿರೋಧಿಸಿತು. ಜನ ಕಸ ಎಸೆಯಬಾರದು ಎನ್ನುವವರಿಗೆ, ಜನ ಕಸ ವಾಪಸ್ ತರುವ ಕಾನೂನು ಯಾಕೆ ಬೇಡವಾಗಿತ್ತು?

ಯಾಕೆಂದರೆ ಆ ಕಾನೂನು ಕೆಲಸ ಮಾಡುತ್ತದೆ, ಮತ್ತು ಖರ್ಚು ಮತ್ತೆ ಕಂಪನಿಯ ಬಾಗಿಲಿಗೆ ಬರುತ್ತದೆ. 2017ರಲ್ಲಿ ಆರೆಗಾನ್ ಡೆಪಾಸಿಟ್ ಅನ್ನು 5 ಸೆಂಟ್‌ನಿಂದ 10ಕ್ಕೆ ಏರಿಸಿತು. ಆಮೇಲೆ ನೂರಕ್ಕೆ 80ಕ್ಕೂ ಜಾಸ್ತಿ ಡಬ್ಬಿ, ಬಾಟಲಿಗಳು ವಾಪಸ್ ಬಂದವು. ಜನ ಅವರೇ. ಯಾರ ಸ್ವಭಾವವೂ ಬದಲಾಗಲಿಲ್ಲ, 5 ಸೆಂಟ್ ಬದಲಾಯಿತು.

[ತೆರೆಯ ಮೇಲೆ: ಅಮೆರಿಕದ ನಕ್ಷೆ, ಹತ್ತು ರಾಜ್ಯಗಳಿಗೆ ಬಣ್ಣ]

ಇಂಥ ಕಾನೂನು ಇವತ್ತು 50 ರಾಜ್ಯಗಳಲ್ಲಿ 10ರಲ್ಲಿ ಮಾತ್ರ ಇದೆ. ಡೆಲವೇರ್‌ನಲ್ಲಿ ಇತ್ತು, ಅದನ್ನು ತೆಗೆದುಹಾಕಿದರು. ಕೊನೆಗೆ ಸೇರಿದ್ದು ಹವಾಯಿ, 2002ರಲ್ಲಿ.