ಅಗ್ಗದ ಕಾಂಪೌಂಡ್ ಬಿಲ್ಲು ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಕಾಂಪೌಂಡ್ ಬಿಲ್ಲಿನದು, ಅಂದರೆ ತುದಿಗಳಲ್ಲಿ ಕ್ಯಾಮ್ ಎಂಬ ತಿರುಗುವ ಗಾಲಿಗಳಿರುವ ಬಿಲ್ಲು. ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನೀವು ನೋಡುವ ಅಗ್ಗದ ಕಾಂಪೌಂಡ್ ಬಿಲ್ಲುಗಳ ಡಬ್ಬದ ಮೇಲೆ ಬಹುಪಾಲು 'ಹಂಟಿಂಗ್ ಬೋ' ಎಂದೇ ಅಚ್ಚಾಗಿರುತ್ತದೆ. ನಮ್ಮಲ್ಲಿ ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಹಾರಾಷ್ಟ್ರಕ್ಕೂ ಗೋವಾಕ್ಕೂ ಕರ್ನಾಟಕಕ್ಕೂ ಒಂದೇ. ಬೇಟೆಗೆ ಬಳಸಿದ ಆಯುಧ, ವಾಹನ ಎರಡೂ ಸರ್ಕಾರದ ವಶಕ್ಕೆ ಹೋಗುತ್ತವೆ. ಆದ್ದರಿಂದ ಇವತ್ತಿನ ಮಾತೆಲ್ಲ ಬೇಟೆಗೆಂದು ತಯಾರಾದ ಬಿಲ್ಲನ್ನು ಗುರಿಯ ಹಲಗೆಗೆ ಹೊಡೆಯಲು ಕೊಳ್ಳುವ ಬಗ್ಗೆ. ಪೆಟ್ಟಿಗೆಯಲ್ಲಿ ಬ್ಲೇಡಿನ ಬಾಣದ ತುದಿ ಬಂದರೆ ಅಂಗಡಿಯವನಿಗೇ ವಾಪಸ್ ಕೊಡಿ. ಅದು ಗುರಿಯ ಫೋಮನ್ನು ಸೀಳುತ್ತದೆ, ಅಭ್ಯಾಸದ ಯಾವ ರೇಂಜಿನಲ್ಲೂ ಬಿಟ್ಟುಕೊಳ್ಳುವುದಿಲ್ಲ.

ಹಾಗಿದ್ದರೆ ಬೇಟೆಯ ಬಿಲ್ಲೇ ಯಾಕೆ? ಅಗ್ಗ, ಅದಕ್ಕೇ. ಕಾಂಪೌಂಡ್ ಬಿಲ್ಲು ಹುಟ್ಟಿದ್ದು ಅಮೆರಿಕದ ಮಿಸೌರಿಯಲ್ಲಿ. ಹಾಲಿಸ್ ವಿಲ್ಬರ್ ಅಲೆನ್ ಎಂಬಾತ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ಇವತ್ತಿಗೂ ಅದರ ದೊಡ್ಡ ಗಿರಾಕಿ ಅಲ್ಲಿನ ಜಿಂಕೆ ಬೇಟೆಗಾರನೇ. ವರ್ಷಕ್ಕೊಂದು ಹೊಸ ಮಾದರಿ ಬರುತ್ತದೆ, ಹೋದ ವರ್ಷದ್ದರ ಬೆಲೆ ಇಳಿಯುತ್ತದೆ. ಸ್ಪರ್ಧೆಗೆಂದೇ ಮಾಡಿದ ಉದ್ದನೆಯ ಬಿಲ್ಲಿಗೆ ಆ ಭಾಗ್ಯವಿಲ್ಲ. ನಮ್ಮ ಕಡೆ ಈ ಆಸೆ ಹೆಚ್ಚಲು ಹತ್ತಿರದ ಕಾರಣವೂ ಒಂದಿದೆ. 2023ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದ ಅದಿತಿ ಸ್ವಾಮಿ ಇಲ್ಲೇ ಪುಣೆಯ ಪಕ್ಕದ ಸಾತಾರಾದವರು. ಅದೇ ಕೂಟದಲ್ಲಿ ಪುರುಷರ ಫೈನಲ್ಲಿನಲ್ಲಿ 150ಕ್ಕೆ 150 ಹೊಡೆದ ಓಜಸ್ ದೇವತಳೆ ನಾಗಪುರದವರು, ಅಭ್ಯಾಸ ಮಾಡಿದ್ದು ಸಾತಾರಾದಲ್ಲಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ.

ಈಗ ಅಂಗಡಿಗೆ ಬರೋಣ. ಅಂಗಡಿಯವರು ಮೊದಲು ಹೇಳುವುದು ವೇಗ, ಸೆಕೆಂಡಿಗೆ ಇಷ್ಟು ಅಡಿ ಎಂದು: "320 ಎಫ್‌ಪಿಎಸ್ ಸರ್, 340 ಎಫ್‌ಪಿಎಸ್ ಸರ್." ಆ ಅಂಕಿ ಸುಳ್ಳಲ್ಲ, ಆದರೆ ನಿಮ್ಮದಲ್ಲ. ಅದನ್ನು ಅಳೆಯುವುದು 70 ಪೌಂಡ್ ಎಳೆತ (ಹೆದೆ ಎಳೆಯಲು ಬೇಕಾದ ಬಲ), 30 ಇಂಚಿನ ಡ್ರಾ ಲೆಂತ್ (ಹೆದೆಯನ್ನು ಎಳೆಯುವ ಉದ್ದ), 350 ಗ್ರೇನ್ (ಬಾಣದ ತೂಕದ ಅಳತೆ) ಬಾಣ ಇಟ್ಟುಕೊಂಡು. ನಿಮ್ಮ ಡ್ರಾ ಲೆಂತ್ ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ವೇಗ ಹೋಗುತ್ತದೆ. ಎಳೆತ 10 ಪೌಂಡ್ ಇಳಿದರೆ 15ರಿಂದ 20 ಅಡಿ. 27 ಇಂಚು, 50 ಪೌಂಡಿನವರ ಕೈಯಲ್ಲಿ 320ರ ಬಿಲ್ಲು ಹೊಡೆಯುವುದು 250ರ ಆಸುಪಾಸು. 50 ಮೀಟರಿನ ಹಲಗೆಗೆ ಅದು ಧಾರಾಳ. ಹಲಗೆ ಜಿಂಕೆಯಲ್ಲ, ಬಾಣದ ಸದ್ದಿಗೆ ಬೆಚ್ಚಿ ಓಡುವುದಿಲ್ಲ. ವೇಗಕ್ಕೆ ಕೊಡುವ ಹೆಚ್ಚಿನ ದುಡ್ಡು ಗುರಿಗಾರನಿಗೆ ಪೂರ್ತಿ ದಂಡ.

ದುಡ್ಡು ಕೊಡಬೇಕಾದದ್ದು ಅಳತೆಗೆ. ಗೋಡೆಗೆ ಬೆನ್ನು ತಾಗಿಸಿ ಎರಡೂ ಕೈ ಅಗಲಿಸಿ ನಿಲ್ಲಿ. ಎಳೆದು ಚಾಚಬೇಡಿ, ಸಹಜವಾಗಿ ನಿಲ್ಲಿ. ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಇಂಚಿನಲ್ಲಿ ಅಳೆದು 2.5ರಿಂದ ಭಾಗಿಸಿ. 67 ಇಂಚು ಬಂದರೆ 26.8, ಅಂದರೆ 27ರ ಹತ್ತಿರ. ಇದು ಶುರುವಿಗೆ ಸಾಕು, ಕೊನೆಯ ಅರ್ಧ ಇಂಚು ಬಿಲ್ಲು ಹಿಡಿದ ಮೇಲೇ ತಿಳಿಯುವುದು. ಕ್ಯಾಮ್ ಇಲ್ಲದ ರಿಕರ್ವ್ ಬಿಲ್ಲಿನಲ್ಲಿ ಎಳೆಯುವ ಉದ್ದ ಒಂದಿಷ್ಟು ಹೆಚ್ಚು ಕಡಿಮೆಯಾದರೂ ನಡೆದೀತು. ಕಾಂಪೌಂಡಿನಲ್ಲಿ ಕ್ಯಾಮ್ ತಿರುಗಿ ಒಂದು ಜಾಗದಲ್ಲಿ ಗೋಡೆಗೆ ಬಡಿದಂತೆ ನಿಲ್ಲುತ್ತದೆ, ಆ ಗೋಡೆ ನಿಮ್ಮ ದವಡೆಯ ಹತ್ತಿರವೇ ಇರಬೇಕು. ಡ್ರಾ ಲೆಂತ್ ಉದ್ದವಾದರೆ ಬಿಲ್ಲು ಹಿಡಿದ ಮೊಣಕೈ ಬಿಗಿಯಾಗಿ ನೆಟ್ಟಗಾಗುತ್ತದೆ, ದೇಹ ಹಿಂದಕ್ಕೆ ವಾಲುತ್ತದೆ, ಹೆದೆ ಮುಂಗೈಗೆ ಹೊಡೆದು ನೀಲಿಗಟ್ಟಿಸುತ್ತದೆ. ಹೊಸಬರಲ್ಲಿ ಕಾಣುವ ಗಾಯಗಳಲ್ಲಿ ಹಲವಕ್ಕೆ ಮೂಲ ಇದೇ. ಅಂಗಡಿಯವರು "ಸ್ವಲ್ಪ ಉದ್ದ ಇರಲಿ, ವೇಗ ಬರುತ್ತೆ" ಎಂದರೆ ನಕ್ಕು ಸುಮ್ಮನಾಗಿ.

ಆದ್ದರಿಂದ ಮೊದಲ ಬಿಲ್ಲಿಗೆ ನಮ್ಮ ಶಿಫಾರಸು, ಬಿಲ್ಲನ್ನು ಬಗ್ಗಿಸಿ ಹಿಡಿಯುವ ಬೋ ಪ್ರೆಸ್ ಎಂಬ ಯಂತ್ರವಿಲ್ಲದೆ, ಆರು ಮೂಲೆಯ ಅಲೆನ್ ಕೀ ಒಂದರಲ್ಲೇ ಡ್ರಾ ಲೆಂತ್ ಬದಲಿಸಬಹುದಾದ ಮಾದರಿ. ಡೈಮಂಡ್ ಇನ್ಫೈನೈಟ್ ಎಡ್ಜ್ ಪ್ರೋ ಇದಕ್ಕೆ ಒಳ್ಳೆಯ ಉದಾಹರಣೆ: 13ರಿಂದ 31 ಇಂಚು, 5ರಿಂದ 70 ಪೌಂಡ್. ಮನೆಯಲ್ಲಿ ಅಪ್ಪ, ಮಗಳು ಇಬ್ಬರೂ ಸರದಿಯಲ್ಲಿ ಹೊಡೆಯಬಹುದು, ಮಾರುವಾಗ ಗಿರಾಕಿಯೂ ಬೇಗ ಸಿಗುತ್ತಾರೆ. ಇಂಥ ಬಿಲ್ಲಿನ ಗೋಡೆ ಸ್ವಲ್ಪ ಮೆತ್ತಗಿರುತ್ತದೆ, ಎಳೆಯುವ ದಾರಿ ದುಬಾರಿ ಬಿಲ್ಲಿನಷ್ಟು ನುಣುಪಲ್ಲ. ಮೊದಲ ಎರಡು ವರ್ಷ ಅದು ನಿಮ್ಮ ಗಮನಕ್ಕೇ ಬರುವುದಿಲ್ಲ.

ಎಳೆತದ ತೂಕದಲ್ಲಿ ಗಂಡಸರು ಮೋಸ ಹೋಗುವುದು ಹೆಚ್ಚು. ಮರ್ಯಾದೆಯ ಪ್ರಶ್ನೆ ನೋಡಿ. ಪರೀಕ್ಷೆ ಸುಲಭ: ಕುರ್ಚಿಯಲ್ಲಿ ಕುಳಿತು, ಬಾಣ ಏರಿಸಿ, ಮುಂದೆ ಗುರಿ ಇಟ್ಟುಕೊಂಡು, ಬಿಲ್ಲನ್ನು ಗುರಿಗೆ ನೇರ ಹಿಡಿದು ಎಳೆಯಿರಿ. ಬಿಲ್ಲನ್ನು ಆಕಾಶಕ್ಕೆ ಎತ್ತಿಯೇ ಎಳೆಯಬೇಕಾಗಿ ಬಂದರೆ ತೂಕ ಜಾಸ್ತಿ. ಪೂರ್ತಿ ಎಳೆದ ಮೇಲೆ 80 ಶೇಕಡಾ ಭಾರ ಕ್ಯಾಮ್ ಹೊರುತ್ತದೆ, 50 ಪೌಂಡಿನ ಬಿಲ್ಲಿನಲ್ಲಿ ನಿಮ್ಮ ಬೆರಳಿಗೆ ಉಳಿಯುವುದು 10 ಪೌಂಡ್. ಆದರೆ ನಡುವೆ ಪೂರ್ತಿ 50 ಪೌಂಡಿನ ಏರನ್ನು ದಾಟುವುದು ನೀವೇ. ದಿನಕ್ಕೆ ನೂರು ಬಾಣ ಹೊಡೆಯುವವರ ಹೆಗಲಿಗೆ ಆ ನೂರು ಏರುಗಳೂ ಲೆಕ್ಕ. ವಯಸ್ಕರು 40ರಿಂದ 50 ಪೌಂಡಿನಲ್ಲಿ ಶುರು ಮಾಡುವುದು ಒಳ್ಳೆಯದು.

ಇಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೀಳುವ ಒಂದು ಗುಂಡಿ ಇದೆ. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಕಾಂಪೌಂಡಿನ ಗರಿಷ್ಠ ಎಳೆತ 60 ಪೌಂಡ್. ಬೇಟೆಯ ಬಿಲ್ಲುಗಳ ಬಾಗುವ ತೋಳುಗಳು, ಅಂದರೆ ಲಿಂಬ್‌ಗಳು, ಹೆಚ್ಚಾಗಿ 60ರಿಂದ 70 ಪೌಂಡಿನವು. ಬೋಲ್ಟ್ ಪೂರ್ತಿ ಸಡಿಲಿಸಿದರೂ 60ರಲ್ಲೇ ನಿಲ್ಲುತ್ತದೆ, ಕೆಲವು ತಕ್ಕಡಿಗೆ ಹಾಕಿದರೆ 62 ತೋರಿಸುತ್ತವೆ. ಅಂಥದ್ದನ್ನು ಮುಂದೆ ಸ್ಪರ್ಧೆಗೆ ಒಯ್ದರೆ ಸಲಕರಣೆ ತಪಾಸಣೆಯಲ್ಲೇ ಹೊರಗೆ. ಇನ್ನೊಂದು ಗುಂಡಿ ಬಣ್ಣದ್ದು. ಎಲೆ-ಕಡ್ಡಿ ಚಿತ್ರದ ಕ್ಯಾಮೊಫ್ಲಾಜ್ ಬಣ್ಣದ ಸಲಕರಣೆಗೂ ಅಲ್ಲಿ ಅವಕಾಶವಿಲ್ಲ. ಆದ್ದರಿಂದ ಕಪ್ಪು ಅಥವಾ ಒಂದೇ ಬಣ್ಣದ, 50-60 ಇಲ್ಲವೇ 40-50ರ ಲಿಂಬ್ ಇರುವ ಬಿಲ್ಲನ್ನೇ ಹುಡುಕಿ.

ಬಿಲ್ಲಿನ ಉದ್ದವನ್ನು ಎರಡು ಕ್ಯಾಮ್‌ಗಳ ಅಚ್ಚುಗಳ ನಡುವೆ ಅಳೆಯುತ್ತಾರೆ. ಬೇಟೆಯದು 28ರಿಂದ 33 ಇಂಚು, ಸ್ಪರ್ಧೆಯದು 36ರಿಂದ 40. ಗಿಡ್ಡ ಬಿಲ್ಲು ಕೈ ನಡುಗಿದ್ದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಸಿಕ್ಕರೆ 32-33 ಆರಿಸಿ. ಹಿಡಿಗೂ ಹೆದೆಗೂ ಇರುವ ಅಂತರ, ಅಂದರೆ ಬ್ರೇಸ್ ಹೈಟ್, 7 ಇಂಚಿನ ಸುತ್ತ ಇರಲಿ. 6ಕ್ಕೆ ಇಳಿದಷ್ಟೂ ವೇಗ ಹೆಚ್ಚು, ತಪ್ಪಿಗೆ ಕ್ಷಮೆ ಕಡಿಮೆ.

ಹಳೆಯ ಬಿಲ್ಲು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಹತ್ತಿಯುಂಡೆ ಇರಲಿ. ಲಿಂಬ್‌ನ ಎರಡೂ ಮುಖ, ಅಂಚು, ತುದಿಯ ಸೀಳಿನ ಸುತ್ತ ಹಗುರವಾಗಿ ಉಜ್ಜಿ. ಎಳೆ ಸಿಕ್ಕಿಕೊಂಡ ಕಡೆ ಗಾಜಿನ ನಾರು ಎದ್ದಿದೆ ಎಂದರ್ಥ, ಅಂಥ ಬಿಲ್ಲನ್ನು ಪುಕ್ಕಟೆ ಕೊಟ್ಟರೂ ಬೇಡ. ಕ್ಯಾಮ್‌ನ ಹೆದೆ ಕೂರುವ ತೋಡಿನಲ್ಲಿ ಉಗುರು ಆಡಿಸಿ. ಚೂಪು ಕಚ್ಚು ಇದ್ದರೆ ಹೊಸ ಹೆದೆಯನ್ನೂ ಕತ್ತರಿಸುತ್ತದೆ. ಕ್ಯಾಮ್‌ನ ಪಕ್ಕಕ್ಕೆ ಒಂದು ನೆಟ್ಟನೆಯ ಬಾಣ ಒರಗಿಸಿ, ಅದು ಹೆದೆಗೆ ಸಮಾನಾಂತರವಾಗಿ ಹೋಗುತ್ತಿದೆಯೇ ನೋಡಿ. ಬಹಳ ಓರೆಯಾದರೆ ಅಚ್ಚು ಬಾಗಿರಬಹುದು. ಹಿಂದೆಂದೋ ಬಾಣವಿಲ್ಲದೆ ಹೆದೆ ಬಿಟ್ಟ ಬಿಲ್ಲಿನ ಗುರುತು ಹೀಗೇ ಸಿಗುವುದು. ಅಚ್ಚಿನ ತುದಿಯ ಪುಟ್ಟ ಕ್ಲಿಪ್‌ಗಳನ್ನು ಎಣಿಸಿ, ಒಂದು ಬಿದ್ದಿದ್ದರೂ ಎಳೆಯಬೇಡಿ. ಹೆದೆಯ ವಯಸ್ಸು ಕೇಳಿ. ಮೂರು ವರ್ಷ ದಾಟಿದ್ದರೆ, ಇಲ್ಲವೇ ಎಳೆಗಳು ಬಿಟ್ಟುಕೊಂಡು ನಯ ಹೋಗಿದ್ದರೆ, ಹೊಸ ಹೆದೆ ಮತ್ತು ಕೇಬಲ್‌ಗಳ ಬೆಲೆಯನ್ನು ಬಿಲ್ಲಿನ ಬೆಲೆಯಿಂದ ಕಳೆದೇ ಮಾತಾಡಿ. ಅವನ್ನು ಬದಲಿಸಲು ಬೋ ಪ್ರೆಸ್ ಬೇಕು. ಪ್ರೆಸ್ ಯಾರ ಹತ್ತಿರ ಇದೆ ಎಂದು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಮನೆಯಲ್ಲಿ ಹಗ್ಗ ಕಟ್ಟಿ ಲಿಂಬ್ ಬಗ್ಗಿಸುವ ಸಾಹಸ ಮಾತ್ರ ಬೇಡವೇ ಬೇಡ. ಕೆಲವು ಬಿಲ್ಲುಗಳಿಗೆ ಪ್ರತಿ ಡ್ರಾ ಲೆಂತ್‌ಗೂ ಕ್ಯಾಮ್‌ಗೆ ಬೇರೆ ಮಾಡ್ಯೂಲ್ ಎಂಬ ಚೂರು ಹಾಕಬೇಕು. ಮಾದರಿ ಹಳತಾದರೆ ಆ ಚೂರು ಎಲ್ಲೂ ಸಿಗುವುದಿಲ್ಲ, 29 ಇಂಚಿನ ಬಿಲ್ಲು 29ರದ್ದಾಗಿಯೇ ಉಳಿಯುತ್ತದೆ.

ತೂಕ ಇಳಿಸಲು ಲಿಂಬ್ ಬೋಲ್ಟ್ ಸಡಿಲಿಸುತ್ತಾರೆ. ಮೊದಲು ಎರಡನ್ನೂ ಪೂರ್ತಿ ಬಿಗಿ ಮಾಡಿ, ಅಲ್ಲಿಂದ ಎಣಿಸುತ್ತಾ ಮೇಲೆ ಕೆಳಗೆ ಸಮನಾಗಿ ಬಿಚ್ಚಿ. ಗರಿಷ್ಠ ಎಷ್ಟು ಸುತ್ತು ಎಂಬುದು ಕೈಪಿಡಿಯಲ್ಲಿರುತ್ತದೆ. ಅದನ್ನು ಮೀರಿದರೆ ಲಿಂಬ್ ಕಳಚಿ ಮುಖಕ್ಕೆ ಬರುತ್ತದೆ.

ದುಡ್ಡು ಹಂಚುವ ಲೆಕ್ಕ ಹೀಗಿರಲಿ: ಕೈಯಲ್ಲಿ ನೂರು ರೂಪಾಯಿ ಇದ್ದರೆ ಬಿಲ್ಲಿಗೆ 55, ಹೆಚ್ಚೆಂದರೆ 60. ಉಳಿದದ್ದು ಬಾಣ, ರಿಲೀಸ್ (ಹೆದೆಯನ್ನು ಹಿಡಿದು ಬಿಡುವ ಸಾಧನ), ಗುರಿಗೆ. ಬಿಲ್ಲಿಗೇ 90 ಸುರಿದು ಸಿಕ್ಕ ಬಾಣ ಏರಿಸುವವರು ಅಪಾಯ ತಂದುಕೊಳ್ಳುತ್ತಾರೆ. ಬಿದಿರಿನ, ಮರದ ಬಾಣ ಕಾಂಪೌಂಡಿಗೆ ಎಂದೂ ಬೇಡ, ಸಿಡಿದು ಕೈಗೆ ಹೊಕ್ಕೀತು. ಬಾಣದ ತೂಕ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್. 50 ಪೌಂಡಿಗೆ 250 ಗ್ರೇನ್, ನಮ್ಮ ಲೆಕ್ಕದಲ್ಲಿ 16 ಗ್ರಾಮಿನ ಮೇಲೆ. ಅದಕ್ಕಿಂತ ಹಗುರವಾದರೆ ಶಕ್ತಿ ಬಾಣಕ್ಕೆ ಹೋಗದೆ ಲಿಂಬ್‌ಗೇ ಮರಳುತ್ತದೆ. ಕಾರ್ಬನ್ ಬಾಣದ ಮೇಲಿನ 400, 500 ಎಂಬ ಅಂಕಿ ಅದು ಬಾಗುವ ಪ್ರಮಾಣ, ಸ್ಪೈನ್. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. 50 ಪೌಂಡ್, 27 ಇಂಚಿಗೆ 500 ಸರಿಹೊಂದುತ್ತದೆ, 60 ಪೌಂಡ್, 28 ಇಂಚಿಗೆ 400. ಎಂಟು ಬಾಣ ಕೊಳ್ಳಿ: 50 ಮೀಟರಿನ ಅರ್ಹತಾ ಸುತ್ತಿನಲ್ಲಿ ಒಂದು ಸರದಿಗೆ ಆರು, ಮುರಿಯುವುದಕ್ಕೆ ಎರಡು. ಗಟ್ಟಿ ವಸ್ತುವಿಗೆ ಬಡಿದ ಬಾಣವನ್ನು ಮತ್ತೆ ಏರಿಸುವ ಮುನ್ನ ಎರಡು ತುದಿ ಹಿಡಿದು, ಮುಖದಿಂದ ದೂರ ಇಟ್ಟು ಬಗ್ಗಿಸಿ ತಿರುಗಿಸಿ. ಚಿಟಿಕೆಯಷ್ಟು ಸದ್ದು ಬಂದರೂ ಮುರಿದು ಬಿಸಾಡಿ.

ಪೆಟ್ಟಿಗೆಯ ಜೊತೆ ಬರುವ ಸಾಮಾನುಗಳಲ್ಲಿ ಬಾಣ ಕೂರುವ, ಕೂದಲಿನ ಬಳೆಯಂಥ ಬಿಸ್ಕಿಟ್ ರೆಸ್ಟ್ ಮೊದಲ ಆರು ತಿಂಗಳಿಗೆ ಚೆನ್ನ, ಬಾಣ ಬೀಳುವುದಿಲ್ಲ. ಗುರಿ ನೋಡುವ ಐದು ಪಿನ್ನಿನ ಸೈಟ್ ಮಾತ್ರ ನಮಗೆ ಒಗ್ಗದು. ಪಿನ್ನುಗಳನ್ನು 20ರಿಂದ 60 ಗಜಕ್ಕೆ ಹತ್ತು ಹತ್ತು ಗಜದಂತೆ ಹೊಂದಿಸುತ್ತಾರೆ. 50 ಮೀಟರ್ ಎಂದರೆ 54.7 ಗಜ, ಅಂದರೆ ಎರಡು ಪಿನ್ನಿನ ನಡುವಿನ ಬಯಲು. ಒಂದೇ ಪಿನ್ ಮೇಲೆ ಕೆಳಗೆ ಜಾರುವ ಸೈಟಿಗೆ ಮುಂದಿನ ಉಳಿತಾಯ ಹೋಗಲಿ. ಬಿಲ್ಲು ಅಲುಗದಂತೆ ಮುಂದಕ್ಕೆ ಚಾಚುವ ಉದ್ದನೆಯ ಕಡ್ಡಿ, ಸ್ಟೆಬಿಲೈಸರ್, ಅದರ ನಂತರ. ಅದರ ತಿರುಪು ಎಲ್ಲ ಬಿಲ್ಲಿಗೂ ಒಂದೇ ಅಳತೆ, ಬಿಲ್ಲು ಬದಲಿಸಿದರೂ ಜೊತೆಗೆ ಬರುತ್ತದೆ.

ಗುರಿಗೆ ಫೋಮ್ ದುಬಾರಿಯೆನಿಸಿದರೆ ಗೋಣಿಚೀಲದಲ್ಲಿ ಹಳೆಯ ಸೀರೆ, ಬೆಡ್‌ಶೀಟ್ ತುಳಿದು ತುಳಿದು ತುಂಬಿ. ಥರ್ಮಾಕೋಲನ್ನು 50 ಪೌಂಡಿನ ಬಾಣ ಲೆಕ್ಕಕ್ಕೇ ಇಡುವುದಿಲ್ಲ. ಮಳೆಗಾಲದಲ್ಲಿ ಚೀಲ ಒಳಗಿಡಿ, ನೆನೆದ ಬಟ್ಟೆಯಿಂದ ಬಾಣ ಕೀಳುವುದೇ ವ್ಯಾಯಾಮ. ಸೊಸೈಟಿಯ ಟೆರೇಸಿನಲ್ಲಿ ಹೊಡೆಯಬೇಡಿ. ತಪ್ಪಿದ ಬಾಣ ಇನ್ನೂರು ಮೀಟರ್ ಆಚೆಗೂ ಹೋಗುತ್ತದೆ, ಪುಣೆಯ ಕೊತ್ರೂಡಿನಲ್ಲಿ ಇನ್ನೂರು ಮೀಟರಿಗೆ ಎಷ್ಟು ಬಾಲ್ಕನಿ ಇವೆ ಎಂದು ನೀವೇ ಎಣಿಸಿ. ಮುಂಬೈ, ಗೋವಾದವರು ಉಪ್ಪುಗಾಳಿಗೆ ಅಚ್ಚು ತುಕ್ಕು ಹಿಡಿಯದಂತೆ ಒರೆಸಿಡಿ, ಹೆದೆಗೆ ಆಗಾಗ ಮೇಣ ತಿಕ್ಕಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಲ್ಲು ಬಿಟ್ಟು ಊಟಕ್ಕೆ ಹೋಗಬೇಡಿ, ಲಿಂಬ್‌ನ ಪದರ ಬಿಟ್ಟುಕೊಳ್ಳುತ್ತದೆ.

ಮೇಜಿನ ಮೇಲೆ ಅಳತೆ ಟೇಪು, ಎರಡು ಬಿಲ್ಲು ಇವೆ. ಒಬ್ಬೊಬ್ಬರಾಗಿ ಬಂದು ತೋಳಳತೆ ಬರೆಸಿಕೊಳ್ಳಿ. ಬಿಲ್ಲನ್ನು ಕೈಗೆ ತೆಗೆದುಕೊಂಡು ತೂಗಿ ನೋಡಬಹುದು, ಆದರೆ ಇಲ್ಲಿ ಬಾಣವೂ ಇಲ್ಲ, ಗುರಿಯೂ ಇಲ್ಲ, ಆದ್ದರಿಂದ ಹೆದೆಯನ್ನು ಯಾರೂ ಎಳೆಯಬೇಡಿ.