ಕಂಪ್ಯೂಟರಿನ ವಿಡಿಯೊ ಮನೆಯ ಪ್ಲೇಯರಿನಲ್ಲಿ ಮೂಡಬೇಕಾದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುತ್ತಿದ್ದ ಮದುವೆಯ ವಿಡಿಯೊವೊಂದನ್ನು ಖಾಲಿ ಡಿವಿಡಿಗೆ ನಕಲು ಮಾಡಿ, ಟಿವಿಯ ಪಕ್ಕದ ಪ್ಲೇಯರಿಗೆ ಹಾಕಿದಾಗ, ಡಿಸ್ಕನ್ನು ಓದಲಾಗುತ್ತಿಲ್ಲ ಎಂಬ ಸಾಲು ಮಾತ್ರ ತೆರೆಯ ಮೇಲೆ ಮೂಡಿದ ಅನುಭವ ನಿಮ್ಮಲ್ಲಿ ಹಲವರಿಗೆ ಆಗಿರಬಹುದು. ನನಗೂ ಆಗಿದೆ. ಡಿಸ್ಕ್ ಕೆಟ್ಟಿರಲಿಲ್ಲ, ಪ್ಲೇಯರೂ ಕೆಟ್ಟಿರಲಿಲ್ಲ. ಫೈಲನ್ನು ಡಿಸ್ಕಿಗೆ ನಕಲು ಮಾಡುವುದೇ ಒಂದು ಕೆಲಸ, ಆ ಫೈಲಿನಿಂದ ವಿಡಿಯೊ ಡಿಸ್ಕ್ ತಯಾರಿಸುವುದೇ ಇನ್ನೊಂದು ಕೆಲಸ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಡಿವಿಡಿ ಪ್ಲೇಯರುಗಳು ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಅಂದು ಗೊತ್ತುಮಾಡಿದ ನಿಯಮಗಳನ್ನೇ ಡಿವಿಡಿ ಇಂದಿಗೂ ಪಾಲಿಸುತ್ತದೆ. ಚಿತ್ರ ಎಂಪೆಗ್-2 ಎಂಬ, ವಿಡಿಯೊವನ್ನು ಕುಗ್ಗಿಸಿಡುವ ರೂಪದಲ್ಲಿರಬೇಕು. ಟಿವಿ ಚಿತ್ರಕ್ಕೆ ಭಾರತ ಬಳಸಿದ ಪಾಲ್ ಪದ್ಧತಿಯಲ್ಲಾದರೆ ಪೂರ್ಣ ಚೌಕಟ್ಟಿನ ಅಳತೆ 720ಕ್ಕೆ 576 ಬಿಂದುಗಳು, ಸೆಕೆಂಡಿಗೆ 25 ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು. ಅಮೆರಿಕ ಬಳಸಿದ ಎನ್‌ಟಿಎಸ್‌ಸಿ ಪದ್ಧತಿಯಲ್ಲಾದರೆ 720ಕ್ಕೆ 480 ಬಿಂದುಗಳು, ಸೆಕೆಂಡಿಗೆ ಸುಮಾರು 30 ಫ್ರೇಮುಗಳು. ಇವೆಲ್ಲವೂ ಡಿಸ್ಕಿನಲ್ಲಿ ವಿಡಿಯೊ ಟಿಎಸ್ ಎಂಬ ಫೋಲ್ಡರಿನೊಳಗೆ ವಿಒಬಿ, ಐಎಫ್‌ಒ, ಬಿಯುಪಿ ಎಂಬ ಮೂರು ಬಗೆಯ ಫೈಲುಗಳಾಗಿ ಕುಳಿತಿರಬೇಕು. ಮೊದಲನೆಯದರಲ್ಲಿ ಚಿತ್ರ ಮತ್ತು ಧ್ವನಿ ಇರುತ್ತವೆ, ಎರಡನೆಯದರಲ್ಲಿ ಯಾವ ಅಧ್ಯಾಯ ಎಲ್ಲಿದೆ ಎಂಬ ಮಾಹಿತಿ ಇರುತ್ತದೆ, ಮೂರನೆಯದು ಎರಡನೆಯದರ ಪ್ರತಿ. ಕೆಲವು ಪ್ಲೇಯರುಗಳು ಡಿವ್‌ಎಕ್ಸ್ ಅಥವಾ ಎಂಪಿ4 ಫೈಲುಗಳನ್ನು ನೇರವಾಗಿಯೇ ಓದುತ್ತವೆ, ನಿಜ. ಆದರೆ ಯಾರ ಮನೆಯಲ್ಲಿ ಯಾವ ಪ್ಲೇಯರಿದೆಯೋ ತಿಳಿಯದೆ ಕೊಡುವ ಡಿಸ್ಕಿನಲ್ಲಿ ಅದನ್ನು ನಂಬಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಇನ್ನು ಜಾಗದ ಲೆಕ್ಕ. ಅನೇಕರು ಎಡವುವುದು ಇಲ್ಲೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಗಿಗಾಬೈಟ್. ಕಂಪ್ಯೂಟರು ಅದನ್ನೇ 4.37 ಎಂದು ತೋರಿಸಿದರೆ ಗಾಬರಿಯಾಗಬೇಕಿಲ್ಲ; ಅದು ಎಣಿಸುವ ರೀತಿಯ ವ್ಯತ್ಯಾಸವಷ್ಟೇ. ಫೈಲು ಕಂಪ್ಯೂಟರಿನಲ್ಲಿ ಎಷ್ಟು ಜಾಗ ಹಿಡಿದಿದೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಎಷ್ಟು ಹೊತ್ತು ಓಡುತ್ತದೆ ಎಂಬುದೇ ಮುಖ್ಯ. ಎರಡು ಗಂಟೆ ಎಂದರೆ 7200 ಸೆಕೆಂಡು. ಒಂದು ಬೈಟ್ ಎಂದರೆ ಎಂಟು ಬಿಟ್; ಡಿಸ್ಕಿನ ಜಾಗವನ್ನು ಅಷ್ಟಕ್ಕೂ ಹಂಚಿದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಅದರಲ್ಲಿ ಧ್ವನಿಗೆ 0.2 ತೆಗೆದಿಟ್ಟು, ಮೆನುವಿಗೂ ಸ್ವಲ್ಪ ಬಿಟ್ಟರೆ ಚಿತ್ರಕ್ಕೆ ಉಳಿಯುವುದು ಐದಕ್ಕಿಂತ ತುಸು ಕಡಿಮೆ. ಇಷ್ಟಿದ್ದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಮೂರು ಗಂಟೆಯನ್ನು ಅದೇ ಡಿಸ್ಕಿಗೆ ತುರುಕಿದರೆ ಆ ಪಾಲು ಮೂರರ ಆಸುಪಾಸಿಗೆ ಇಳಿದು, ಕುಣಿತದ ದೃಶ್ಯಗಳಲ್ಲಿ, ಹೂವಿನ ಎಸಳುಗಳು ಉದುರುವಾಗ, ಚಿತ್ರವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಅಂಥ ಕಡೆ ಎರಡು ಡಿಸ್ಕ್ ಮಾಡುವುದೇ ಲೇಸು. ವಿಡಿಯೊ ಒಂದೇ ಗಂಟೆಯದಾದರೂ ನಾನು ಎಂಟು ಮೆಗಾಬಿಟ್ ದಾಟುವುದಿಲ್ಲ. ನಿಯಮದಲ್ಲಿ ಚಿತ್ರಕ್ಕೆ 9.8ರವರೆಗೆ ಅವಕಾಶವಿದ್ದರೂ, ಮನೆಯಲ್ಲಿ ಬರೆದ ಡಿಸ್ಕನ್ನು ಅಷ್ಟು ವೇಗದಲ್ಲಿ ಓದುವಾಗ ಹಳೆಯ ಪ್ಲೇಯರುಗಳು ತಡವರಿಸುವುದುಂಟು.

ಮೊಬೈಲಿನಲ್ಲಿ ತೆಗೆದ ವಿಡಿಯೊಗಳಿಗೆ ಇನ್ನೊಂದು ತೊಡಕಿದೆ. ಬೆಳಕು ಕಡಿಮೆಯಾದಾಗ ಎಷ್ಟೋ ಫೋನುಗಳು ಫ್ರೇಮುಗಳ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಪರಿವರ್ತಿಸುವ ತಂತ್ರಾಂಶ ಇದನ್ನು ಗಮನಿಸದೆ ಹೋದರೆ ಆರಂಭದಲ್ಲಿ ಸರಿಯಾಗಿದ್ದ ಧ್ವನಿ ಬರಬರುತ್ತಾ ಹಿಂದೆ ಬಿದ್ದು, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಜ್ಜಿಯ ತುಟಿ ನಿಂತ ಮೇಲೆ ಅವರ ಮಾತು ಕೇಳಿಸುತ್ತದೆ. ಆದ್ದರಿಂದ ಮೊದಲು ಫ್ರೇಮುಗಳ ವೇಗವನ್ನು ಒಂದೇ ಸಮನಾಗಿಸಿ, ಧ್ವನಿಯನ್ನು 48 ಕಿಲೋಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 48 ಸಾವಿರ ಮಾದರಿಗಳಿಗೆ ತಂದು, ಅನಂತರವೇ ಎಂಪೆಗ್-2 ಮಾಡಬೇಕು. ಎಫ್‌ಎಫ್‌ಎಂಪೆಗ್, ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶಗಳು ಈ ಪರಿವರ್ತನೆಗೆ ಸಾಕು. ಮೂವತ್ತು ಫ್ರೇಮುಗಳ ವಿಡಿಯೊವನ್ನು ಇಪ್ಪತ್ತೈದಕ್ಕೆ ಇಳಿಸಿದರೆ ಚಲನೆ ಕುಂಟುತ್ತದೆ. ಪ್ಲೇಯರ್ ಮತ್ತು ಟಿವಿ ಎರಡೂ ಒಪ್ಪುವುದಾದರೆ ಅಂಥದನ್ನು ಎನ್‌ಟಿಎಸ್‌ಸಿ ಪದ್ಧತಿಯಲ್ಲಿಯೇ ಮಾಡುವುದು ಉತ್ತಮ. ಕನ್ನಡದ ಅಡಿಬರಹ ಬೇಕಿದ್ದವರು ಅದನ್ನು ಚಿತ್ರದ ಮೇಲೆಯೇ ಅಚ್ಚೊತ್ತಿಬಿಡಬಹುದು, ಆದರೆ ಅಂಚಿನಿಂದ ಸ್ವಲ್ಪ ಒಳಗೆ ಇರಿಸಬೇಕು. ಹಳೆಯ ಟಿವಿಗಳು ಚಿತ್ರದ ಅಂಚನ್ನು ಮರೆಮಾಡುತ್ತವೆ.

ಬರೆಯುವ ಹಂತದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಡಿಸ್ಕಿಗೆ ಸಾಧ್ಯವಿರುವ ಅತಿ ಹೆಚ್ಚಿನ ವೇಗದಲ್ಲಿ ಬರೆಯದೆ ಮಧ್ಯಮ ವೇಗವನ್ನು ಆರಿಸಿಕೊಳ್ಳಿ, ಕೊನೆಯಲ್ಲಿ ಫೈನಲೈಸ್ ಮಾಡುವ, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಬರಹವನ್ನು ಮುಕ್ತಾಯಗೊಳಿಸುವ ಆಯ್ಕೆಯನ್ನು ಬಿಡದಿರಿ, ಕಾಗದದ ಚೀಟಿ ಅಂಟಿಸದೆ ಮೆತ್ತನೆಯ ತುದಿಯ ಮಾರ್ಕರಿನಿಂದ ಹೆಸರು ಬರೆಯಿರಿ. ಮೊದಲ ಪ್ರಯತ್ನಕ್ಕೆ ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಇಟ್ಟುಕೊಂಡರೆ ಡಿಸ್ಕುಗಳು ವ್ಯರ್ಥವಾಗುವುದಿಲ್ಲ.

ಬರೆದಾದ ಮೇಲೆ ಡಿಸ್ಕಿನ ಹೊಳೆಯುವ ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಡುವಿನಿಂದ ಹೊರಕ್ಕೆ ಬಣ್ಣ ತುಸು ಬದಲಾದ ಒಂದು ಪಟ್ಟೆ ಕಾಣುತ್ತದೆ. ಬರಹ ಎಲ್ಲಿಯವರೆಗೆ ಬಂದಿದೆ ಎಂಬುದರ ಗುರುತು ಅದು. ಒಂದು ಪದರದ ಡಿಸ್ಕಿನಲ್ಲಿ ಬರಹ ಒಳಗಿನಿಂದ ಹೊರಕ್ಕೆ ಸಾಗುವುದರಿಂದ, ತೊಂದರೆ ಬರುವುದಿದ್ದರೆ ಹೆಚ್ಚಾಗಿ ಹೊರ ಅಂಚಿನಲ್ಲಿ, ಅಂದರೆ ವಿಡಿಯೊದ ಕೊನೆಯ ಭಾಗದಲ್ಲಿ ಬರುತ್ತದೆ. ಹೀಗಾಗಿ ಮೊದಲ ಐದು ನಿಮಿಷ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳದೆ, ಕೊನೆಯ ಅಧ್ಯಾಯಕ್ಕೆ ಹಾರಿ, ವಿಡಿಯೊ ಮುಗಿಯುವ ತನಕ ಒಮ್ಮೆ ನೋಡಿಬಿಡಿ. ಮೂಲ ಫೈಲನ್ನು ಅಳಿಸುವ ಯೋಚನೆ ಇದ್ದರಂತೂ, ಈಗ ಅದು ಬೇಡ. ಡಿಸ್ಕಿಗೆ ಹೋದದ್ದು ಕುಗ್ಗಿಸಿದ ಚಿತ್ರ, ಪೂರ್ತಿ ಚಿತ್ರ ಉಳಿದಿರುವುದು ಆ ಫೈಲಿನಲ್ಲಿ ಮಾತ್ರ.

ನಮಸ್ಕಾರ.