ಸಂಪಾದಕರಿಗೆ ಬರೆಯುವ ಪತ್ರ: ಜರ್ನಲ್‌ಗೆ ಲೇಖನ ಕಳುಹಿಸುವವರೊಂದಿಗೆ ಒಂದು ಮಾತುಕತೆ

ಸಂಶೋಧನಾರ್ಥಿಗಳೆ, ಮಾರ್ಗದರ್ಶಕರೆ,

ವರ್ಷಗಟ್ಟಲೆ ದುಡಿದು ಬರೆದ ಲೇಖನವನ್ನು ಜರ್ನಲ್‌ನ ಜಾಲತಾಣಕ್ಕೆ ಏರಿಸುವ ಹೊತ್ತಿಗೆ ಯಾರಿಗಾದರೂ ದಣಿವಾಗಿರುತ್ತದೆ. ಚಿತ್ರಗಳ ಅಳತೆ ಸರಿಪಡಿಸಿ, ಆಕರಗಳ ಪಟ್ಟಿಯನ್ನು ಅವರು ಹೇಳಿದ ಶೈಲಿಗೆ ತಂದು, ಸಹಲೇಖಕರ ವಿವರಗಳನ್ನೆಲ್ಲ ತುಂಬಿ ಮುಗಿಸುವಷ್ಟರಲ್ಲಿ ಕವರ್ ಲೆಟರ್, ಅಂದರೆ ಲೇಖನದ ಜೊತೆ ಸಂಪಾದಕರಿಗೆ ಬರೆಯುವ ಪತ್ರ, ಎಂಬ ಇನ್ನೊಂದು ಖಾನೆ ತೆರೆದುಕೊಳ್ಳುತ್ತದೆ. ಹಿಂದಿನವರು ಬರೆದ ಪತ್ರವೊಂದು ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಶೀರ್ಷಿಕೆ ಬದಲಿಸಿ ಅದನ್ನೇ ಅಂಟಿಸಿ ಕಳುಹಿಸುತ್ತಾರೆ. ಇದು ನಿಲ್ಲಬೇಕು ಎಂಬುದೇ ನನ್ನ ಇಂದಿನ ಮಾತಿನ ಸಾರ. ನೀವು ಕಳುಹಿಸುವ ಅಷ್ಟೂ ಕಡತಗಳಲ್ಲಿ ಲೇಖಕರು ಸಂಪಾದಕರೊಂದಿಗೆ ನೇರವಾಗಿ ಮಾತನಾಡುವ ಜಾಗ ಇದೊಂದೇ.

ಆ ಕಡೆ ಕುಳಿತವರು ಯಾರೆಂದು ಮೊದಲು ಯೋಚಿಸಿ. ನೇಚರ್‌ನಂತಹ ಪತ್ರಿಕೆಯಲ್ಲಿ ಇದಕ್ಕೆಂದೇ ಪೂರ್ಣಾವಧಿ ಸಂಪಾದಕರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ ‘ಪ್ರಮಾಣ’ ಎಂಬ ಭೌತವಿಜ್ಞಾನ ಪತ್ರಿಕೆಯಂತಹ ಕಡೆಗಳಲ್ಲಿ ಸಕ್ರಿಯ ವಿಜ್ಞಾನಿಗಳೇ ಪಾಠ, ಸಂಶೋಧನೆಗಳ ನಡುವೆ ಸಂಪಾದಕರ ಕೆಲಸವನ್ನೂ ಮಾಡುತ್ತಾರೆ. ಎರಡೂ ಕಡೆ ಮೊದಲ ತೀರ್ಮಾನ ಒಂದೇ: ಇದನ್ನು ಪರಿಶೀಲಕರಿಗೆ, ಅಂದರೆ ಲೇಖನವನ್ನು ಓದಿ ಅಭಿಪ್ರಾಯ ಹೇಳುವ ಅದೇ ವಿಷಯದ ತಜ್ಞರಿಗೆ, ಕಳುಹಿಸಬೇಕೆ, ಅಥವಾ ಇಲ್ಲಿಂದಲೇ ಹಿಂದಿರುಗಿಸಬೇಕೆ? ಆ ತೀರ್ಮಾನ ಮಾಡುವವರು ನಿಮ್ಮದೇ ಉಪವಿಷಯದ ತಜ್ಞರಾಗಿರಬೇಕೆಂದೇನೂ ಇಲ್ಲ. ಸಸ್ಯರೋಗಗಳ ಪತ್ರಿಕೆಯ ಸಂಪಾದಕರು ಜೀವಮಾನವಿಡೀ ಗೋಧಿಯ ತುಕ್ಕುರೋಗವನ್ನೇ ಅಧ್ಯಯನ ಮಾಡಿದವರಾಗಿರಬಹುದು. ನಿಮ್ಮ ಅಡಿಕೆಯ ಕೊಳೆರೋಗ ಅವರಿಗೆ ಏಕೆ ಮುಖ್ಯವಾಗಬೇಕು ಎಂಬುದನ್ನು ನೀವೇ ಹೇಳಬೇಕು.

ನಮ್ಮಲ್ಲಿ ಹೆಚ್ಚಿನವರು ಪತ್ರ ಬರೆಯಲು ಕಲಿತದ್ದು ಶಾಲೆಯ ರಜೆ ಅರ್ಜಿಯಿಂದ. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ ‘ತಮ್ಮ ವಿಧೇಯ’ ಎಂದು ಮುಗಿಯುವ ಆ ಪತ್ರದಲ್ಲಿ ಬೇಡುವುದಕ್ಕಷ್ಟೇ ಜಾಗವಿತ್ತು. ಅದೇ ಧಾಟಿ ಇಂಗ್ಲಿಷಿಗೂ ಹೋಗಿ, ತಮ್ಮ ಘನವಾದ ಪತ್ರಿಕೆಯಲ್ಲಿ ದಯವಿಟ್ಟು ಪ್ರಕಟಿಸಿ ಎಂಬ ಮೂರು ಸಾಲಿನ ಕವರ್ ಲೆಟರ್ ಆಗುತ್ತದೆ. ಅದನ್ನು ಓದಿದ ಸಂಪಾದಕರಿಗೆ ಲೇಖಕರು ವಿನಯವಂತರು ಎಂಬುದರ ಹೊರತು ಏನೂ ತಿಳಿಯುವುದಿಲ್ಲ. ವಿನಯ ಬೇಕು, ನಿಜ. ಆದರೆ ವಿನಯವೂ ಖಚಿತ ಮಾತೂ ಒಂದೇ ಪತ್ರದಲ್ಲಿ ಜೊತೆಯಾಗಿ ಇರಬಲ್ಲವು. ಅದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಉದಾಹರಣೆಯಿದೆ.

1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದ ರೀಡರ್ ಸತ್ಯೇಂದ್ರನಾಥ ಬೋಸ್ ಅವರು ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನ್ ಅವರಿಗೆ ಒಂದು ಲೇಖನವನ್ನೂ ಜೊತೆಗೊಂದು ಚಿಕ್ಕ ಪತ್ರವನ್ನೂ ಕಳುಹಿಸಿದರು. ಆಗ ಬೋಸ್ ಅವರಿಗೆ 30 ವರ್ಷ. ಐನ್‌ಸ್ಟೈನ್ ಆ ಲೇಖನ ಬರಬೇಕಿದ್ದ ಪತ್ರಿಕೆಯ ಸಂಪಾದಕರೇನೂ ಅಲ್ಲ. ಆದರೂ ಆ ಪತ್ರ ಮಾಡಿದ ಕೆಲಸ ಕವರ್ ಲೆಟರಿನದೇ. ಲೇಖನ ಕಳುಹಿಸುತ್ತಿದ್ದೇನೆ, ನಿಮ್ಮ ಅಭಿಪ್ರಾಯ ತಿಳಿಯಲು ಕಾತರನಾಗಿದ್ದೇನೆ ಎಂದು ಹೇಳಿದ ಬೋಸ್, ಮರುಕ್ಷಣವೇ ವಿಷಯಕ್ಕೆ ಬರುತ್ತಾರೆ. ಪ್ಲಾಂಕ್ ನಿಯಮದಲ್ಲಿ (ಬಿಸಿಯಾದ ವಸ್ತು ಸೂಸುವ ವಿಕಿರಣದ ನಿಯಮ) ಬರುವ ಒಂದು ಗುಣಾಂಕವನ್ನು ಅಭಿಜಾತ, ಅಂದರೆ ಕ್ವಾಂಟಮ್‌ಗೆ ಹಿಂದಿನ, ವಿದ್ಯುತ್‌ಚಲನಶಾಸ್ತ್ರದ ನೆರವಿಲ್ಲದೆ ಪಡೆಯಲು ಯತ್ನಿಸಿದ್ದೇನೆ. ಅದಕ್ಕೆ ನಾನು ಇಟ್ಟುಕೊಂಡ ಊಹೆ ಇಷ್ಟೇ ಎಂದು ಆ ಊಹೆ ಯಾವುದೆಂಬುದನ್ನೂ ಹೇಳುತ್ತಾರೆ. ಹೊಸದೇನು, ಅದು ಯಾವುದರ ಮೇಲೆ ನಿಂತಿದೆ, ಹಿಂದಿನವರಿಗಿಂತ ಎಲ್ಲಿ ಬೇರೆ ಎಂಬ ಮೂರೂ ಒಂದೇ ವಾಕ್ಯದಲ್ಲಿ ಬಂದುಬಿಟ್ಟಿವೆ. ಆ ಕಾಲದಲ್ಲಿ ಪ್ಲಾಂಕ್ ನಿಯಮದ ತರ್ಕದಲ್ಲಿ ಎಲ್ಲಿ ಬಿರುಕಿದೆಯೆಂದು ಐನ್‌ಸ್ಟೈನ್ ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಆ ವಾಕ್ಯ ಓದಿದ ಮೇಲೆ ಅವರು ಲೇಖನವನ್ನು ಬದಿಗಿಡುವುದು ಹೇಗೆ ಸಾಧ್ಯವಿತ್ತು?

ನಂತರ ಬೋಸ್ ತಮ್ಮ ಮಿತಿಯನ್ನು ಹೇಳಿಕೊಳ್ಳುತ್ತಾರೆ: ಲೇಖನವನ್ನು ಅನುವಾದಿಸುವಷ್ಟು ಜರ್ಮನ್ ತಮಗೆ ಬಾರದು. ಪ್ರಕಟಣೆಗೆ ಯೋಗ್ಯವೆನಿಸಿದರೆ ಯಾವ ಪತ್ರಿಕೆಯಲ್ಲಿ ಬರಬೇಕೆಂದು ಹೆಸರು ಹಿಡಿದು ಕೇಳುತ್ತಾರೆ: ಝೈಟ್‌ಶ್ರಿಫ್ಟ್ ಫ್ಯೂರ್ ಫಿಸಿಕ್. ತಮಗೆ ನಾನು ಪೂರ್ಣ ಅಪರಿಚಿತ, ಆದರೂ ಕೇಳಲು ಹಿಂಜರಿಕೆಯಿಲ್ಲ, ಏಕೆಂದರೆ ನಾವೆಲ್ಲ ನಿಮ್ಮ ಬರಹಗಳಿಂದ ಕಲಿತ ಶಿಷ್ಯರೇ ಎನ್ನುತ್ತಾರೆ. ಕೊನೆಗೆ, ನಿಮ್ಮ ಸಾಪೇಕ್ಷತಾ ಲೇಖನಗಳನ್ನು ಇಂಗ್ಲಿಷಿಗೆ ತರಲು ಕಲ್ಕತ್ತೆಯಿಂದ ಅನುಮತಿ ಕೇಳಿದ್ದರಲ್ಲ, ಅದರಲ್ಲಿ ಸಾಮಾನ್ಯ ಸಾಪೇಕ್ಷತೆಯ ಲೇಖನವನ್ನು ಅನುವಾದಿಸಿದವನು ನಾನೇ ಎಂದು ನೆನಪಿಸುತ್ತಾರೆ. ತಮ್ಮ ಪದವಿ, ಪದಕಗಳ ಪಟ್ಟಿ ಎಲ್ಲಿಯೂ ಇಲ್ಲ. ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ, ಇದು ಮಹತ್ವದ ಮುನ್ನಡೆ ಎಂಬ ಟಿಪ್ಪಣಿ ಸೇರಿಸಿ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೇಖನ ಗೆದ್ದದ್ದು ತನ್ನ ಸತ್ವದಿಂದಲೇ, ಅದರಲ್ಲಿ ಅನುಮಾನವಿಲ್ಲ. ಆ ಸತ್ವ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದ್ದು ಪತ್ರ.

ಈಗ ನಮ್ಮ ಅಡಿಕೆ ತೋಟಕ್ಕೆ ಬರೋಣ. ಕೊಳೆರೋಗದ ಕಾರಣ ಫೈಟಾಫ್ತರಾ ಕುಲದ ಜೀವಿ ಎಂಬುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ವಿವರಿಸಿದ್ದರು. ಒಂದು ಶತಮಾನದ ಸಾಹಿತ್ಯವಿರುವ ವಿಷಯ. ಇದರ ಮೇಲೆ ನೀವೊಂದು ಲೇಖನ ಬರೆದಿದ್ದೀರಿ ಎಂದುಕೊಳ್ಳಿ. ಬಹುಪಾಲು ಪತ್ರಗಳು ಹೀಗಿರುತ್ತವೆ: ‘ಅಡಿಕೆ ಪ್ರಮುಖ ವಾಣಿಜ್ಯ ಬೆಳೆ. ಕೊಳೆರೋಗದಿಂದ ಅಪಾರ ನಷ್ಟವಾಗುತ್ತಿದೆ. ಈ ಅಧ್ಯಯನದಲ್ಲಿ ವಿವಿಧ ಸಿಂಪಡಣಾ ಕ್ರಮಗಳನ್ನು ಹೋಲಿಸಲಾಗಿದೆ. ಫಲಿತಾಂಶಗಳು ಓದುಗರಿಗೆ ಉಪಯುಕ್ತವಾಗಲಿವೆ.’ ಇದರಲ್ಲಿ ತಪ್ಪು ಮಾತು ಒಂದೂ ಇಲ್ಲ. ಆದರೆ ಕೊಳೆರೋಗದ ಬಗ್ಗೆ ಯಾರು ಯಾವಾಗ ಬರೆದ ಲೇಖನಕ್ಕಾದರೂ ಇದನ್ನು ಲಗತ್ತಿಸಬಹುದು.

ಅದರ ಬದಲು ಹೀಗೆ ಬರೆದರೆ? ಇದು ನಾನು ಕಲ್ಪಿಸಿಕೊಂಡ ಉದಾಹರಣೆ. ‘ಮುಂಗಾರಿಗೆ ಮುನ್ನ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುವುದು ಈಗಿರುವ ಶಿಫಾರಸು. ಎರಡನೆಯ ಸಿಂಪಡಣೆಯನ್ನು ದಿನ ಎಣಿಸುವ ಬದಲು, ಗೊನೆಯ ಮೇಲೆ ತೇವ ಉಳಿದ ಗಂಟೆಗಳನ್ನು ಅಳೆದು ನಿರ್ಧರಿಸಬಹುದೇ ಎಂದು ಮೂರು ಮಳೆಗಾಲಗಳಲ್ಲಿ ಪರೀಕ್ಷಿಸಿದ್ದೇವೆ. ಎಡೆಬಿಡದೆ ಮಳೆಯಾದ ಎರಡು ವರ್ಷ ಕಾಯಿ ಉದುರುವುದು ಕಡಿಮೆಯಾಯಿತು. ಬಿಟ್ಟು ಬಿಟ್ಟು ಮಳೆ ಬಂದ ವರ್ಷ ವ್ಯತ್ಯಾಸ ಕಾಣಲಿಲ್ಲ. ಆಲೂಗಡ್ಡೆಯ ಅಂಗಮಾರಿಗೆ ಹವಾಮಾನ ನೋಡಿ ಸಿಂಪಡಿಸುವ ಪದ್ಧತಿ ಬಹುಕಾಲದಿಂದ ಇದೆ. ಅದೇ ಕುಲದ ರೋಗಕಾರಕವನ್ನು ಬಹುವಾರ್ಷಿಕ ಮರದಲ್ಲಿ ಆ ಬಗೆಯಲ್ಲಿ ನಿಭಾಯಿಸಬಹುದೇ ಎಂಬುದು ನಿಮ್ಮ ಓದುಗರಿಗೆ ಸಂಬಂಧಿಸಿದ ಪ್ರಶ್ನೆಯೆಂದು ಭಾವಿಸುತ್ತೇವೆ.’ ಅಡಿಕೆ ಮರವನ್ನೇ ನೋಡಿರದ ಗೋಧಿ ತಜ್ಞರಿಗೂ ಇದು ತಲುಪುತ್ತದೆ. ವ್ಯತ್ಯಾಸ ಕಾಣದ ವರ್ಷವನ್ನು ಮುಚ್ಚಿಡದೆ ಹೇಳಿರುವುದನ್ನು ಗಮನಿಸಿ. ‘ಮೊಟ್ಟಮೊದಲ’, ‘ಕ್ರಾಂತಿಕಾರಿ’ ಎಂಬ ಮಾತುಗಳಿಗಿಂತ ಆ ಒಂದು ವಾಕ್ಯದ ಮೇಲೆ ಸಂಪಾದಕರಿಗೆ ಹೆಚ್ಚು ನಂಬಿಕೆ ಹುಟ್ಟುತ್ತದೆ. ಸಾರಾಂಶವನ್ನು ಇಲ್ಲಿ ನಕಲು ಮಾಡಬೇಡಿ, ಅದು ಅವರ ಮುಂದೆ ಆಗಲೇ ಇದೆ.

ಮಾನವಿಕ ವಿಷಯಗಳ ಗೆಳೆಯರಿಗೂ ಇದೇ ಮಾತು. ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಪ್ರಕಟವಾದ ಶಾಸನವೊಂದರ ಪಾಠವನ್ನು ನೀವು ತಿದ್ದಿದ್ದರೆ, ಯಾವ ಸಾಲಿನ ಯಾವ ಓದು ಬದಲಾಯಿತು, ಅದರಿಂದ ಕಾಲವೋ ದಾನಿಯ ಗುರುತೋ ಹೇಗೆ ಬದಲಾಗುತ್ತದೆ ಎಂಬುದನ್ನು ಪತ್ರದಲ್ಲೇ ಹೇಳಿ.

ಪತ್ರದ ಇನ್ನೊಂದು ಅರ್ಧ ಪ್ರಾಮಾಣಿಕತೆಗೆ ಸೇರಿದ್ದು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ವಿದ್ಯಾರ್ಥಿಗಳು ತೊಂದರೆಗೆ ಸಿಲುಕುವುದು ಇಲ್ಲಿಯೇ. ಈ ಲೇಖನ ಬೇರೆಲ್ಲಿಯೂ ಪ್ರಕಟವಾಗಿಲ್ಲ, ಬೇರೆ ಪತ್ರಿಕೆಯ ಪರಿಶೀಲನೆಯಲ್ಲೂ ಇಲ್ಲ ಎಂಬ ವಾಕ್ಯವನ್ನು ಎಲ್ಲರೂ ಬರೆಯುತ್ತಾರೆ. ಈ ಬೇಡಿಕೆ ಹಳೆಯದು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಪಾದಕ ಫ್ರಾನ್ಜ್ ಇಂಗೆಲ್ಫಿಂಗರ್ 1969ರಲ್ಲಿ ಇದನ್ನು ಕಟ್ಟುನಿಟ್ಟಾಗಿ ಹೇಳಿದ ಮೇಲೆ ಅವರ ಹೆಸರಿನಿಂದಲೇ ಆ ನಿಯಮ ಪ್ರಸಿದ್ಧವಾಯಿತು. ಆದರೆ ನಮ್ಮ ಪರಿಸ್ಥಿತಿಯಲ್ಲಿ ಈ ವಾಕ್ಯ ಅಷ್ಟು ಸರಳವಲ್ಲ. ಅದೇ ಕೆಲಸದ ಒಂದು ರೂಪ ವಿಚಾರಸಂಕಿರಣದ ನಡಾವಳಿಯಲ್ಲಿ ಅಚ್ಚಾಗಿರಬಹುದು. ನಿಮ್ಮ ಮಹಾಪ್ರಬಂಧ ಭಾರತದ ಮಹಾಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದಲ್ಲಿ ಎಲ್ಲರಿಗೂ ಕಾಣುವಂತೆ ಇರಬಹುದು. ಆರ್ಕೈವ್‌ (arXiv), ಬಯೋಆರ್ಕೈವ್‌ (bioRxiv) ಜಾಲತಾಣಗಳಲ್ಲಿ ಪ್ರಿಪ್ರಿಂಟ್, ಅಂದರೆ ಪರಿಶೀಲನೆಗೆ ಮುನ್ನಿನ ಕರಡು, ಹಾಕಿರಬಹುದು. ಕನ್ನಡದಲ್ಲಿ ಮೊದಲು ಪ್ರಕಟಿಸಿ ಈಗ ಇಂಗ್ಲಿಷಿನಲ್ಲಿ ಬರೆದಿರಬಹುದು. ಇವುಗಳಲ್ಲಿ ಯಾವುದೂ ತಾನಾಗಿ ಅಪರಾಧವಲ್ಲ. ಹೇಳದೆ ಇರುವುದು ಅಪರಾಧವಾಗುತ್ತದೆ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಸಂಪಾದಕರ ಗುಂಪಿನಿಂದ ಬೆಳೆದ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು, ಪುನರಾವರ್ತನೆ ಎನಿಸಬಹುದಾದ ಹಿಂದಿನ ಎಲ್ಲ ಪ್ರಕಟಣೆಗಳ ವಿವರವನ್ನು ಸಂಪಾದಕರಿಗೆ ಪೂರ್ತಿಯಾಗಿ ತಿಳಿಸಬೇಕೆಂದು ಹೇಳುತ್ತದೆ. ಒಂದು ಭಾಷೆಯಲ್ಲಿ ಬಂದದ್ದನ್ನು ಮತ್ತೊಂದು ಭಾಷೆಯ ಓದುಗರಿಗೆ ಮರುಪ್ರಕಟಿಸುವುದಕ್ಕೂ ಅದು ದಾರಿ ತೆರೆದಿಟ್ಟಿದೆ: ಎರಡೂ ಪತ್ರಿಕೆಗಳ ಸಂಪಾದಕರ ಒಪ್ಪಿಗೆ ಇರಬೇಕು, ಇದು ಮರುಪ್ರಕಟಣೆಯೆಂದು ಓದುಗರಿಗೆ ತಿಳಿಯಬೇಕು. ಕನ್ನಡದಲ್ಲಿ ಬರೆಯುವ ವಿದ್ವಾಂಸರಿಗೆ ಇದು ಬಹಳ ಮುಖ್ಯವಾದ ವಿಚಾರ. ಇಂಗ್ಲಿಷ್ ಪತ್ರಿಕೆಯವರಿಗೆ ಕನ್ನಡ ಎಲ್ಲಿ ಗೊತ್ತಾಗಬೇಕು ಎಂದು ಸುಮ್ಮನಿರುವುದು ನಮ್ಮ ಭಾಷೆಯ ಪ್ರಕಟಣೆಯನ್ನು ನಾವೇ ಪ್ರಕಟಣೆಯಲ್ಲವೆಂದು ಒಪ್ಪಿಕೊಂಡಂತೆ. ಹಾಗೆ ಮಾಡಬೇಡಿ. ಕನ್ನಡ ಲೇಖನದ ಹೆಸರು, ವರ್ಷ, ಪತ್ರಿಕೆ ಎಲ್ಲವನ್ನೂ ಬರೆದು, ಈಗಿನದರಲ್ಲಿ ಹೊಸದಾಗಿ ಸೇರಿದ್ದೇನು ಎಂಬುದನ್ನು ಹೆಮ್ಮೆಯಿಂದಲೇ ತಿಳಿಸಿ.

ಕೃತಕ ಬುದ್ಧಿಮತ್ತೆಯ ವಿಷಯವೂ ಇಲ್ಲಿಗೇ ಸೇರುತ್ತದೆ. ಅಂತಹ ಸಾಧನ ಬಳಸಿದ್ದರೆ ಹೇಗೆ ಬಳಸಿದೆವೆಂದು ಕವರ್ ಲೆಟರಿನಲ್ಲೂ ಲೇಖನದಲ್ಲೂ ಹೇಳಬೇಕೆಂದು ಅದೇ ಸಮಿತಿ 2023ರಲ್ಲಿ ಸೇರಿಸಿತು. ಇಂಗ್ಲಿಷ್ ತಿದ್ದಿಸಲು ಬಳಸಿದ್ದರೆ ಹಾಗೆಂದು ಒಂದು ಸಾಲು ಬರೆದರೆ ಮುಗಿಯಿತು. ಪತ್ರವನ್ನೇ ಅದರಿಂದ ಬರೆಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಕೆಲಸದಲ್ಲಿ ಯಾವುದು ಮುಖ್ಯ ಎಂಬ ತೀರ್ಪು ನಿಮ್ಮದೇ ಆಗಿರಬೇಕು.

ಕೆಲವು ಪತ್ರಿಕೆಗಳು ಪರಿಶೀಲಕರ ಹೆಸರು ಸೂಚಿಸಲು ಕೇಳುತ್ತವೆ. ಈ ಸೌಲಭ್ಯ ದುರುಪಯೋಗವಾದ ಇತಿಹಾಸವಿದೆ. ಪರಿಶೀಲಕರ ನಕಲಿ ಗುರುತುಗಳನ್ನು ಸೃಷ್ಟಿಸಿದ ಜಾಲ ಬಯಲಾದ ಮೇಲೆ 2014ರಲ್ಲಿ ಸೇಜ್ ಸಂಸ್ಥೆ ಕಂಪನಶಾಸ್ತ್ರದ ಒಂದೇ ಪತ್ರಿಕೆಯಿಂದ 60 ಲೇಖನಗಳನ್ನು ಹಿಂತೆಗೆದುಕೊಂಡಿತು. ಮರುವರ್ಷ ಸ್ಪ್ರಿಂಗರ್ 64 ಲೇಖನಗಳನ್ನು ಹಿಂತೆಗೆಯಿತು. ಆದ್ದರಿಂದ ಇಂದು ಸಂಪಾದಕರು ಈ ಪಟ್ಟಿಯನ್ನು ಎಚ್ಚರದಿಂದ ನೋಡುತ್ತಾರೆ. ನಿಮ್ಮ ಗೈಡ್‌ನ ಹಳೆಯ ವಿದ್ಯಾರ್ಥಿ, ನಿಮ್ಮೊಂದಿಗೆ ಇತ್ತೀಚೆಗೆ ಲೇಖನ ಬರೆದವರು, ಅದೇ ವಿಭಾಗದವರು ಇವರನ್ನೆಲ್ಲ ಬಿಡಿ. ಸಂಸ್ಥೆಯ ಅಧಿಕೃತ ಇಮೇಲ್ ಕೊಡಿ. ಅವರನ್ನೇ ಏಕೆ ಸೂಚಿಸುತ್ತಿದ್ದೀರಿ ಎಂದು ಅರ್ಧ ಸಾಲು ಬರೆಯಿರಿ. ಯಾರಾದರೂ ಬೇಡವೆನಿಸಿದರೆ ಅದನ್ನೂ ಹೇಳಬಹುದು, ದೂರು ಹೇಳದೆ.

ಬಿಡಬೇಕಾದವು ಇನ್ನೂ ಕೆಲವಿವೆ. ಮಹಾಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಕೈಬಿಟ್ಟರೂ ಒತ್ತಡವೇನೂ ಕಡಿಮೆಯಾಗಿಲ್ಲ, ಅದು ನನಗೆ ಗೊತ್ತು. ಬಡ್ತಿಯ ಅಂಕಗಳ ಚಿಂತೆಯೂ ಗೊತ್ತು. ಆದರೂ ಬೇಗ ಪ್ರಕಟಿಸಿ, ಪಿಎಚ್‌.ಡಿ.ಗೆ ಬೇಕಾಗಿದೆ ಎಂಬ ಮಾತು ಸಂಪಾದಕರ ತೀರ್ಮಾನಕ್ಕೆ ಯಾವ ಆಧಾರವನ್ನೂ ಕೊಡುವುದಿಲ್ಲ. ಹಾಗೆಯೇ ಲೇಖನ ಹಿಂದೆ ಬೇರೆ ಪತ್ರಿಕೆಯಿಂದ ತಿರಸ್ಕೃತವಾಗಿದ್ದರೆ ನಾಚಬೇಕಾಗಿಲ್ಲ. ಅಲ್ಲಿನ ಪರಿಶೀಲಕರ ಟಿಪ್ಪಣಿಗಳನ್ನೂ ನಿಮ್ಮ ಉತ್ತರಗಳನ್ನೂ ಜೊತೆಗಿಟ್ಟು ಕಳುಹಿಸಿದರೆ ಕೆಲವು ಪತ್ರಿಕೆಗಳು ಸ್ವಾಗತಿಸುತ್ತವೆ.

ಉದ್ದ ಒಂದು ಪುಟ ಮೀರದಿರಲಿ. ಸಂಪಾದಕರ ಹೆಸರನ್ನು ಆ ಪತ್ರಿಕೆಯ ಇತ್ತೀಚಿನ ಪುಟದಲ್ಲಿ ನೋಡಿ ಬರೆಯಿರಿ. ಹಳೆಯ ಪತ್ರದಿಂದ ಬೇರೆ ಪತ್ರಿಕೆಯ ಹೆಸರು ಹಾಗೇ ಉಳಿದುಬಿಡುವುದುಂಟು, ಅದನ್ನು ಕಂಡ ಸಂಪಾದಕರು ಮುಂದಿನದನ್ನು ಬೇರೆಯೇ ಕಣ್ಣಿನಿಂದ ಓದುತ್ತಾರೆ. ಕಳುಹಿಸುವ ಮುನ್ನ ಎಲ್ಲ ಸಹಲೇಖಕರಿಗೂ ತೋರಿಸಿ, ಏಕೆಂದರೆ ಅವರೆಲ್ಲರೂ ಒಪ್ಪಿದ್ದಾರೆಂದು ನೀವು ಅದರಲ್ಲಿ ಬರೆದಿರುತ್ತೀರಿ.

ಮಧ್ಯಾಹ್ನದ ಗೋಷ್ಠಿಗೆ ನಿಮ್ಮ ನಿಮ್ಮ ಕರಡುಗಳನ್ನು ತನ್ನಿ. ಮೊದಲು ಪತ್ರವನ್ನು ಮಾತ್ರ ಬೇರೆ ವಿಭಾಗದ ಗೆಳೆಯರೊಬ್ಬರಿಗೆ ಓದಲು ಕೊಡೋಣ. ಈ ಲೇಖನ ಏನು ಕಂಡುಹಿಡಿದಿದೆ ಎಂದು ಅವರು ಹೇಳಲಿ. ಅವರ ಉತ್ತರ ಎಲ್ಲಿ ತಡವರಿಸುತ್ತದೆಯೋ ಅಲ್ಲಿಂದ ತಿದ್ದಲು ಶುರುಮಾಡೋಣ.